ಪುಸ್ತಕವನ್ನೋದಿದ ಮಕ್ಕಳ ಮಾತು

ಬಹಳ ವರ್ಷಗಳ ಹಿಂದೆ ನಾನು ಒಂದು ಬಾಲಿಕಾ ಪಾಠಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದಾಗ ಏಳನೆಯ ತರಗತಿಯ ಪುಸ್ತಕದ ಬೀರು ನನ್ನ ವಶದಲ್ಲಿತ್ತು. ಶುಕ್ರವಾರದ ಕಡೆಯ ಗಂಟೆಯಲ್ಲಿ ನಾನು ಅದರ ಬೀಗವನ್ನು ತೆಗೆಯುವೆನು. ಹುಡುಗಿಯರು ಸಾಲಾಗಿ ಬಂದು ಹಳೆಯ ಪುಸ್ತಕವನ್ನು ಕೊಟ್ಟು ಹೊಸದನ್ನು ಕೊಂಡೊಯ್ಯುವರು. ಕೊಂಡೊಯ್ಯುವ ಮೊದಲು ಪ್ರತಿಯೊಬ್ಬಳೂ ಮೇಜಿನ ಮೇಲಿದ್ದ ದಪ್ಪ ರಟ್ಟಿನ ಒಂದು ನೋಟುಪುಸ್ತಕದಲ್ಲಿ ತಾನು ಓದಿದುದರ ವಿಷಯವಾಗಿ ಎರಡು ಸಾಲು ಅಭಿಪ್ರಾಯವನ್ನು ಬರೆಯಬೇಕೆಂಬುದು ನಾನೇ ಏರ್ಪಡಿಸಿದ ನಿಯಮವಾಗಿತ್ತು. ಆ ನಿಯಮದ ವಿಷಯದಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ವರ್ಷಾಂತ್ಯದಲ್ಲಿ ನೋಟುಪುಸ್ತಕವನ್ನು ತೆರೆದು ನೋಡಿದರೆ ಮೂವತ್ತು ಬಗೆಯ ಕೈಬರಹದಲ್ಲಿ ಒಂದೇ ಅಭಿಪ್ರಾಯ: ಈ ಪುಸ್ತಕವು ಬಹು ಚೆನ್ನಾಗಿದೆ, ಇದರಿಂದ ಒಳ್ಳೆಯ ನೀತಿಯನ್ನು ಕಲಿಯಬಹುದು. ನೀತಿಯೇ ಇಲ್ಲದ ಒಗಟಿನ ಪುಸ್ತಕಕ್ಕೂ ಒಬ್ಬಳು ಹಾಗೆಯೇ ಬರೆದಿದ್ದಳು.

ಒಬ್ಬಳು ಮಾತ್ರ ಬೇರೆಯಾಗಿ ಬರೆದಳು. ಅವಳು ಓದಿದುದು ಬಹು ವಿಧೇಯಳಾದ ಒಬ್ಬ ಬಾಲಿಕೆಯ ಕಥೆ. “ಈ ಹುಡುಗಿಗೆ ಎಷ್ಟು ಅಂದರೂ ಕೋಪ ಬರುವುದಿಲ್ಲ. ನಲವತ್ತನೆಯ ಪುಟದ ತನಕ ಓದಿದೆ. ಆಮೇಲೆ ಓದಲಿಲ್ಲ” ಎಂಬಿಷ್ಟೇ ಅವಳ ಬರಹ. ನಾನು ಕೆಂಪು ಮಸಿಯಿಂದ ಅದರ ಕೆಳಗೆ ಗೆರೆಯೆಳೆದು, “ಪುಸ್ತಕವನ್ನು ಪೂರಾ ಓದದೆ ಹೀಗೆಲ್ಲಾ ಬರೆಯಬಾರದು” ಎಂದು ಬರೆದೆನು. ಮುಂದಿನ ಶುಕ್ರವಾರದಿಂದ ಅವಳೂ ಉಳಿದವರಂತೆಯೇ ಒಳ್ಳೆಯ ನೀತಿಯನ್ನು ಕಲಿಯಲಾರಂಭಿಸಿದಳು. ಆ ತರಗತಿಯಲ್ಲಿ ಪುಸ್ತಕವನ್ನು ಕುರಿತು ನಿಜವಾಗಿ ಮಾತನಾಡಿದ ಒಬ್ಬಳ ಬಾಯನ್ನು ನಾನೇ ಮುಚ್ಚಿಸಿದೆನೆಂಬುದು ನನಗೆ ತಿಳಿಯಲು ಅನೇಕ ವರ್ಷಗಳು ಹಿಡಿದುವು.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿಯೂ ಕೆಲವರು ಅಜ್ಜಿಯರಾಗಿಯೂ ಇರುವಿರಿ. ನಿಮ್ಮ ಮನೆಯಲ್ಲಿ ಎಂಟು ವರ್ಷದಿಂದ ಹದಿಮೂರು ವರ್ಷದೊಳಗಿನ ಮಕ್ಕಳಿದ್ದರೆ, ಅವರು ಓದುವ ಕಥೆಪುಸ್ತಕಗಳ ವಿಷಯವಾಗಿ ಅವರೇ ಆಡುವ ಮಾತಿಗೆ ಎಷ್ಟು ಬೆಲೆಯುಂಟೆಂಬುದನ್ನು ಕೆಲವು ನಿಜಸಂಗತಿಗಳ ಮೂಲಕ ವಿವರಿಸಬೇಕೆಂಬುದೇ ನನ್ನ ಉದ್ದೇಶ. ಮಕ್ಕಳ ಪುಸ್ತಕವನ್ನು ಬರೆಯುವವರು ದೊಡ್ಡವರು, ಅಚ್ಚು ಮಾಡಿಸುವವರು ದೊಡ್ಡವರು, ಹಣ ಕೊಟ್ಟು ಕೊಳ್ಳುವವರೂ ದೊಡ್ಡವರೇ. ಯಾರಿಗಾಗಿ ಅದು ಹುಟ್ಟಿತೋ ಅವರೊಬ್ಬರನ್ನೇ ಯಾರೂ ಕೇಳುವುದಿಲ್ಲ. ಹಾಗೆ ಕೇಳಿದ ಕೆಲವೇ ಸಂದರ್ಭಗಳಲ್ಲಿ ನಡೆದುದೇನೆಂದು ನೋಡಿರಿ.

ಅಮೇರಿಕಾ ದೇಶದ ಬಾಸ್ಟನ್ ಪಟ್ಟಣದಲ್ಲಿ ರಾಬರ್ಟ್ಸ್ ಬ್ರದರ್ಸ್ ಎಂಬ ಪ್ರಕಾಶನ ಸಂಸ್ಥೆಯಿತ್ತು. ಅದರ ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಥಾಮಸ್ ನೈಲ್ಸ್ ಎಂಬವರು ಹುಡುಗಿಯರಿಗಾಗಿ ಒಂದು ಕಥೆಯನ್ನು ಬರೆದುಕೊಡಬೇಕೆಂದು ಲೂಯಿಸಾ ಮೇ ಆಲ್ಕಾಟ್ ಎಂಬ ಲೇಖಕಿಯನ್ನು ಕೇಳಿಕೊಂಡರು. ಆಕೆಗೆ ಇದರಲ್ಲಿ ಮನಸ್ಸಿರಲಿಲ್ಲ. ತನಗೆ ತನ್ನ ಸೋದರಿಯರ ಹೊರತು ಹುಡುಗಿಯರ ಪರಿಚಯವೇ ಹೆಚ್ಚಾಗಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡು, ಮನೆಯ ಬಡತನವನ್ನು ನೆನೆದು, 1868ನೆಯ ಇಸವಿಯ ಮೇ ತಿಂಗಳಲ್ಲಿ ಬರೆಯಲು ಕುಳಿತಳು. ಹನ್ನೆರಡು ಅಧ್ಯಾಯಗಳು ಮುಗಿದೊಡನೆ ನೈಲ್ಸರಿಗೆ ಕಳುಹಿಸಿದಳು. ಅವರು ಓದಿ, ಇದು ಸಪ್ಪೆಯಾಗಿದೆಯೆಂದು ಅಭಿಪ್ರಾಯಪಟ್ಟರು. ವಿಚಿತ್ರವೇನೆಂದರೆ ಬರೆದವಳ ಅಭಿಪ್ರಾಯವೂ ಅದೇ ಆಗಿತ್ತು! ಪ್ರಕಾಶಕರೂ ಲೇಖಕಿಯೂ ಒಮ್ಮತದಿಂದ ಸಪ್ಪೆಯೆಂದು ತೀರ್ಮಾನಿಸಿದ ಮೇಲೆ ಆ ಕೈಬರಹದ ಕಟ್ಟು ಮೂಲೆಗೆ ಬೀಳುವುದೇ ನ್ಯಾಯವಾಗಿತ್ತು.

ಆದರೆ ನೈಲ್ಸರು ವಿವೇಕಿಗಳು. ಹುಡುಗಿಯರ ಪುಸ್ತಕವಾದ ಮೇಲೆ ಹುಡುಗಿಯರೇ ಓದಿ ಹೇಳಲೆಂದು ತಮ್ಮ ಬಂಧುವರ್ಗದ ಒಬ್ಬ ಬಾಲಿಕೆಗೆ ಆ ಕಟ್ಟನ್ನು ಕೊಟ್ಟರು. ಅವಳು ಅದನ್ನು ಕೆಳಗಿಡಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬಳಿಕ ಬೇರೆ ಕೆಲವು ಹುಡುಗಿಯರಿಗೂ ಕೊಡಲು ಅವರೂ ಬಹಳ ಸೊಗಸಾಗಿದೆಯೆಂದರು. ಪುಸ್ತಕವು ಇವರಿಗಾಗಿಯೇ ಬರೆದುದಾದ್ದರಿಂದ ಇವರೇ ಇದರ ಅತ್ಯುತ್ತಮ ವಿಮರ್ಶಕರೆಂದು ಆಲ್ಕಾಟಳು ಸಮಾಧಾನಪಟ್ಟುಕೊಂಡಳು. ಅದೇ ವರ್ಷದ ಸೆಪ್ಟೆಂಬರ್ ಅಂತ್ಯದಲ್ಲಿ ಪ್ರಕಟವಾದ ಆ ಪುಸ್ತಕವೇ “ಲಿಟ್ಲ್ ವಿಮೆನ್”. ಮೊದಲು ಅಚ್ಚಾದ ಎರಡು ಸಾವಿರ ಪ್ರತಿಗಳು ಬೇಗನೆ ಖರ್ಚಾಗಿ, ಅಂದಿನಿಂದ ಇಂದಿನ ತನಕ ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟು ಅದು ಅಚ್ಚಾಗುತ್ತಲೇ ಇದೆ. ಮೆಗ್, ಜೋ, ಬೆತ್, ಏಮಿ ಎಂಬ ಆ ನಾಲ್ವರು ಸೋದರಿಯರನ್ನು ನಮ್ಮಲ್ಲಿಯೂ ಇಂಗ್ಲಿಷನ್ನು ಕಲಿತ ಎಷ್ಟೋ ಹೆಣ್ಣುಮಕ್ಕಳು ಬಲ್ಲರು. ತನಗೆ ಸಿಕ್ಕಿದ ಕಾಗದದ ಕಟ್ಟನ್ನು ಓದಿ ನಕ್ಕ ಆ ಒಬ್ಬ ಹುಡುಗಿ ಅಂದು ದೊಡ್ಡವರಿಗೆ ಹೆದರಿ, “ನೀವು ಹೇಳಿದಂತೆ ಸಪ್ಪೆಯಾಗಿಯೇ ಇದೆ” ಎಂದಿದ್ದರೆ!

ಇಂಗ್ಲೆಂಡಿನಲ್ಲಿ ನಡೆದುದು ಇನ್ನೊಂದು ಸಂಗತಿ. ಲಂಡನಿನ ಪ್ರಕಾಶಕರಾದ ಸ್ಟ್ಯಾನ್ಲಿ ಅನ್ವಿನ್ ಎಂಬವರು ಮಕ್ಕಳ ಪುಸ್ತಕಕ್ಕೆ ಮಕ್ಕಳೇ ತಕ್ಕ ಪರೀಕ್ಷಕರೆಂದು ನಂಬಿದವರು. ನಂಬಿದುದಲ್ಲದೆ ಆ ಕೆಲಸಕ್ಕೆ ಕೂಲಿಯನ್ನೂ ಕೊಡುತ್ತಿದ್ದರು. ತಮ್ಮ ಮಗ ರೇನರನಿಗೆ ಒಂದು ಕೈಬರಹದ ಪ್ರತಿಯನ್ನು ಓದಿ ಬರೆದ ವರದಿಯೊಂದಕ್ಕೆ ಒಂದು ಶಿಲ್ಲಿಂಗಿನ ಸಂಭಾವನೆ. 1936ನೆಯ ಇಸವಿಯ ಅಕ್ಟೋಬರ್ 30ರಂದು, ಹತ್ತು ವರ್ಷ ಪ್ರಾಯದ ಈ ಪರೀಕ್ಷಕನು ಆಕ್ಸ್‌ಫರ್ಡಿನ ಒಬ್ಬ ಪ್ರಾಧ್ಯಾಪಕರು ಬರೆದ ಕಥೆಯನ್ನು ಕುರಿತು ವರದಿಯನ್ನೊಪ್ಪಿಸಿದನು. ಅದರಲ್ಲಿ ಕಾಗುಣಿತದ ತಪ್ಪುಗಳಿದ್ದುವು. ಕಥೆ ಏನೆಂಬುದನ್ನು ಮೊದಲು ಚುಟುಕಾಗಿ ಹೇಳಿ, ಭೂಪಟಗಳಿರುವುದರಿಂದ ಬೇರೆ ಚಿತ್ರಗಳು ಬೇಕಾಗಿಲ್ಲವೆಂದೂ, ಪುಸ್ತಕ ಚೆನ್ನಾಗಿದೆಯೆಂದೂ, ಐದರಿಂದ ಒಂಬತ್ತು ವರ್ಷದ ಮಕ್ಕಳಿಗೆಲ್ಲಾ ಹಿಡಿಸಬಹುದೆಂದೂ ಅವನು ತೀರ್ಪು ಕೊಟ್ಟಿದ್ದನು. ಹತ್ತು ವರ್ಷದವನಾದ ತಾನು ಈ ಬಗೆಯ ಎಳೆಯರ ಪುಸ್ತಕಗಳನ್ನು ದಾಟಿ ಬಂದವನೆಂಬ ಗಾಂಭೀರ್ಯವನ್ನು ಅವನು ಬಿಟ್ಟುಕೊಡಲಿಲ್ಲವೆಂಬುದನ್ನು ಗಮನಿಸಿರಿ. ಪ್ರಾಧ್ಯಾಪಕರ ಹೆಸರು ಟೋಲ್ಕೀನ್. ಕಥೆಯ ಹೆಸರು “ದಿ ಹಾಬಿಟ್”. 1937ನೆಯ ಸೆಪ್ಟೆಂಬರ್ 21ರಂದು ಸಾವಿರದೈನೂರು ಪ್ರತಿಗಳಾಗಿ ಹೊರಬಿದ್ದ ಅದು ಡಿಸೆಂಬರಿನೊಳಗೆ ಮುಗಿದುಹೋಯಿತು. ಚಿತ್ರಗಳು ಬೇಡವೆಂಬ ಬಾಲಕನ ಸಲಹೆಯೊಂದನ್ನು ಮಾತ್ರ ದೊಡ್ಡವರು ಕೈಬಿಟ್ಟು, ಟೋಲ್ಕೀನರೇ ಬರೆದ ಚಿತ್ರಗಳನ್ನು ಅಚ್ಚು ಹಾಕಿಸಿದರು.

ಈ ಕಥೆ ಅಲ್ಲಿಗೇ ನಿಲ್ಲಲಿಲ್ಲ. ರೇನರನು ಬೆಳೆದು ತಂದೆಯ ಸಂಸ್ಥೆಯಲ್ಲಿಯೇ ಕೆಲಸಕ್ಕೆ ಸೇರಿದನು. ಟೋಲ್ಕೀನರು ಅನೇಕ ವರ್ಷ ಶ್ರಮಪಟ್ಟು ಬರೆದ ಮತ್ತೊಂದು ಬೃಹತ್ಕಥೆಯು ಅಷ್ಟರಲ್ಲಿ ಸಿದ್ಧವಾಗಿತ್ತು. ಅಷ್ಟು ದೊಡ್ಡ ಪುಸ್ತಕವನ್ನು ಅಚ್ಚು ಮಾಡಿಸಿ ನಷ್ಟ ಹೊಂದಲು ಯಾರೂ ಮುಂದಾಗಿರಲಿಲ್ಲ. ಇದರಿಂದ ಸಾವಿರ ಪೌಂಡುಗಳವರೆಗೆ ನಷ್ಟವಾಗಬಹುದು, ಆದರೂ ಇದು ಮಹಾಕೃತಿಯೆಂದು ತನಗೆ ತೋರುತ್ತದೆ ಎಂದು ರೇನರನು ದೂರದ ಪ್ರಯಾಣದಲ್ಲಿದ್ದ ತಂದೆಗೆ ಬರೆದನು. ನಿನಗೆ ಹಾಗೆ ತೋರಿದರೆ ಸಾವಿರ ಪೌಂಡುಗಳನ್ನು ಕಳೆದುಕೊಳ್ಳಬಹುದೆಂಬ ಅಭಿಪ್ರಾಯದ ಉತ್ತರವು ತಂದೆಯಿಂದ ಬಂತು. ಹೀಗೆ 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ “ದಿ ಲಾರ್ಡ್ ಆಫ್ ದಿ ರಿಂಗ್ಸ್” ಪ್ರಕಟವಾಯಿತು. ನಷ್ಟದ ಮಾತು ಹಾಗಿರಲಿ. ನಾನು ಇಲ್ಲಿ ನೋಡುವುದು ತಂದೆಯ ಆ ಉತ್ತರವನ್ನು. ಹತ್ತನೆಯ ವರ್ಷದಲ್ಲಿ ಶಿಲ್ಲಿಂಗು ಕೊಟ್ಟು ಮಗನ ಮಾತನ್ನು ಕಿವಿಗೊಟ್ಟು ಕೇಳಿದ ತಂದೆಯೇ ಅವನು ದೊಡ್ಡವನಾದ ಮೇಲೆ ಸಾವಿರ ಪೌಂಡುಗಳನ್ನು ಪಣವಾಗಿಡಬಲ್ಲನು.

ಇಂಥ ಸಂಗತಿಗಳು ಇನ್ನೂ ಕೆಲವುಂಟು. ಲೂಯಿಸ್ ಕ್ಯಾರಲ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಡಾಡ್ಸನ್ನರು ಆಲಿಸಳ ಕಥೆಯನ್ನು ಅಚ್ಚು ಹಾಕಿಸಬೇಕೋ ಬೇಡವೋ ಎಂದು ಅನುಮಾನಿಸುತ್ತಿದ್ದಾಗ, ಮ್ಯಾಕ್ಡೊನಾಲ್ಡ್ ಎಂಬ ಸ್ನೇಹಿತರ ಮನೆಯ ಮಕ್ಕಳಿಗೆ ತಾಯಿಯು ಅದನ್ನು ಓದಿ ಹೇಳಿದಳು. ಆರು ವರ್ಷದ ಮಗನು ಇಂಥ ಪುಸ್ತಕದ ಅರುವತ್ತು ಸಾವಿರ ಸಂಪುಟಗಳಿರಬೇಕೆಂದನು. ಅದು 1865ರಲ್ಲಿ ಪ್ರಕಟವಾಯಿತು. ಸ್ಟೀವನ್ಸನ್ನರ “ಟ್ರೆಷರ್ ಐಲೆಂಡ್” ಹುಟ್ಟಿದುದು 1881ರ ಬೇಸಗೆಯಲ್ಲಿ, ರಜೆಗೆ ಮನೆಗೆ ಬಂದಿದ್ದ ಮಲಮಗನಿಗಾಗಿ. ಅಧ್ಯಾಯವೊಂದು ಮುಗಿದಂತೆಲ್ಲಾ ಮನೆಮಂದಿಯ ಮುಂದೆ ಓದಿ, ಆ ಹುಡುಗನನ್ನೇ ಒರೆಗಲ್ಲಾಗಿ ಇಟ್ಟುಕೊಂಡು ಅವರು ಬರೆದರು. ಹುಡುಗನ ಅಭಿರುಚಿಯಂತೆ ಕಥೆಯಲ್ಲಿ ಹೆಂಗಸರಿಗೆ ಪ್ರವೇಶವಿಲ್ಲದಾಯಿತು. ನಾಯಕನ ತಾಯಿಯೊಬ್ಬಳು ಮಾತ್ರ ಹೇಗೋ ಉಳಿದುಕೊಂಡಳು. (ಮನೆಯಲ್ಲಿ ಒಬ್ಬ ಹುಡುಗಿಯೂ ಇದ್ದು ಅವಳನ್ನೂ ಕೇಳಿದ್ದರೆ ಆ ಹಡಗಿನಲ್ಲಿ ಯಾರು ಯಾರು ಹೋಗುತ್ತಿದ್ದರೋ ನಾವರಿಯೆವು.) ನಮ್ಮ ಕಾಲಕ್ಕೆ ಬಂದರೆ, ಹ್ಯಾರಿ ಪಾಟರನ ಮೊದಲನೆಯ ಪುಸ್ತಕವನ್ನು ಹಲವು ಪ್ರಕಾಶಕರು ಹಿಂದಕ್ಕೆ ಕಳುಹಿಸಿದ ಮೇಲೆ, ಬ್ಲೂಮ್ಸ್‌ಬರಿ ಸಂಸ್ಥೆಯ ಮುಖ್ಯಸ್ಥರು ಮೊದಲ ಅಧ್ಯಾಯವನ್ನು ಮನೆಗೆ ಒಯ್ದು ಎಂಟು ವರ್ಷದ ಮಗಳ ಕೈಗೆ ಕೊಟ್ಟರು. ಅವಳು ಓದಿ ಬಂದು ಮುಂದಿನದನ್ನು ಕೊಡೆಂದು ಹಟ ಹಿಡಿದಳು. 1997ನೆಯ ಜೂನ್ 26ರಂದು ಆ ಪುಸ್ತಕವು ಪ್ರಕಟವಾದುದನ್ನೂ ಮುಂದೆ ನಡೆದುದನ್ನೂ ನಿಮ್ಮ ಮಕ್ಕಳು ನನಗಿಂತ ಚೆನ್ನಾಗಿ ಹೇಳಬಲ್ಲರು.

ಹಾಗಾದರೆ ಮಕ್ಕಳು ಹೇಳಿದುದೆಲ್ಲಾ ಸರಿಯೆಂದು ತಲೆಯ ಮೇಲೆ ಹೊತ್ತುಕೊಳ್ಳಬೇಕೇ ಎಂದು ಪೋಷಕರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಇದಕ್ಕೂ ಆಲ್ಕಾಟಳ ಚರಿತ್ರೆಯಲ್ಲಿಯೇ ಉತ್ತರವಿದೆ. “ಲಿಟ್ಲ್ ವಿಮೆನ್” ಪುಸ್ತಕದ ಮೊದಲ ಭಾಗ ಹೊರಬಿದ್ದೊಡನೆ ಹುಡುಗಿಯರಿಂದ ಆಕೆಗೆ ಪತ್ರಗಳು ಬಂದುವು. ಎಲ್ಲರಿಗೂ ಬೇಕಾಗಿದ್ದುದು ಒಂದೇ: ಯಾರು ಯಾರನ್ನು ಮದುವೆಯಾಗುವರು? ಜೋ ಎಂಬ ಎರಡನೆಯ ಸೋದರಿಯು ನೆರೆಮನೆಯ ಲಾರಿಯನ್ನು ವರಿಸಲೇಬೇಕೆಂದು ಅವರ ಒತ್ತಾಯ. ಹೆಂಗಸಿನ ಬಾಳಿಗೆ ಮದುವೆಯೊಂದೇ ಗುರಿಯೋ ಎಂದು ಆಲ್ಕಾಟಳಿಗೆ ಬೇಸರವಾಯಿತು. ತಾನು ಯಾರನ್ನು ಮೆಚ್ಚಿಸುವುದಕ್ಕಾಗಿಯೂ ಜೋ ಲಾರಿಯರ ಮದುವೆ ಮಾಡಿಸುವುದಿಲ್ಲವೆಂದು ದಿನಚರಿಯಲ್ಲಿ ಬರೆದಳು. ಜೋ ಮದುವೆಯಿಲ್ಲದೆ ಗ್ರಂಥಕರ್ತ್ರಿಯಾಗಿಯೇ ಇರಬೇಕೆಂಬುದು ಆಕೆಯ ಸ್ವಂತ ಇಚ್ಛೆ. ಆದರೆ ಪತ್ರಗಳ ಕಾಟ ತಡೆಯಲಾರದೆ, ಸ್ವಲ್ಪ ತುಂಟತನದಿಂದಲೇ, ಯಾರೂ ನಿರೀಕ್ಷಿಸದ ಒಬ್ಬ ಮಧ್ಯವಯಸ್ಸಿನ ಜರ್ಮನ್ ಪ್ರೊಫೆಸರನನ್ನು ತಂದು ಜೋಳಿಗೆ ಗಂಟುಹಾಕಿದಳು. ಎರಡನೆಯ ಭಾಗವು 1869ನೆಯ ಏಪ್ರಿಲಿನಲ್ಲಿ ಪ್ರಕಟವಾದಂದಿನಿಂದ ಈ ಮದುವೆ ಸರಿಯೋ ತಪ್ಪೋ ಎಂದು ಹುಡುಗಿಯರು ವಾದಿಸುತ್ತಲೇ ಇರುವರು.

ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ಓದುವಾಗ ತನಗೇನಾಯಿತೆಂಬುದನ್ನು ಮಗುವಿನಷ್ಟು ಸರಿಯಾಗಿ ಹೇಳಬಲ್ಲವರು ಬೇರೆ ಯಾರೂ ಇಲ್ಲ. ನಗು ಬಂತು, ಭಯವಾಯಿತು, ಇಲ್ಲಿ ಬೇಸರವಾಗಿ ಹಾಳೆ ಮಗುಚಿದೆ, ಇವಳು ಇಂಥ ಮಾತನ್ನು ಆಡುವವಳಲ್ಲ; ಇವು ಸಾಕ್ಷಿಯ ಮಾತುಗಳು, ಇವುಗಳನ್ನು ಅಲ್ಲಗಳೆಯಲು ನಮಗೆ ಅಧಿಕಾರವಿಲ್ಲ. ಕಥೆ ಹೀಗಾಗಬೇಕಿತ್ತೆಂಬುದು ಇನ್ನೊಂದು ಬಗೆಯ ಮಾತು. ಅದು ಆಸೆ. ಆಸೆಯನ್ನು ಕೇಳಿಕೊಳ್ಳಬಹುದು, ಅದರ ಸಂಗಡ ವಾದಿಸಬಹುದು, ಬರೆಯುವವರು ಅದನ್ನು ತಳ್ಳಿಹಾಕಲೂಬಹುದು. ಆದರೆ ನಾವು ಸಾಮಾನ್ಯವಾಗಿ ಮಾಡುವುದು ಇದಕ್ಕೆ ವಿರುದ್ಧ: ಮಗುವಿನ ಆಸೆಗೆ ಒಲಿದು ಕೇಳಿದ ಪುಸ್ತಕವನ್ನೆಲ್ಲಾ ಕೊಂಡುಕೊಡುತ್ತೇವೆ, ಅದರ ಸಾಕ್ಷಿಯನ್ನು ಕೇಳಿಸಿಕೊಳ್ಳುವುದೇ ಇಲ್ಲ.

ತಿಳಿದವರೂ ಈ ವಿಷಯದಲ್ಲಿ ಎಡವಿದ್ದಾರೆ. ನ್ಯೂಯಾರ್ಕಿನ ಸಾರ್ವಜನಿಕ ಪುಸ್ತಕಭಂಡಾರದಲ್ಲಿ 1906ರಿಂದ 1941ರ ವರೆಗೆ ಮಕ್ಕಳ ವಿಭಾಗದ ಮೇಲ್ವಿಚಾರಣೆಯನ್ನು ನಡೆಸಿದ ಆ್ಯನ್ ಕ್ಯಾರಲ್ ಮೂರ್ ಎಂಬಾಕೆಯು ಸಾಮಾನ್ಯಳಲ್ಲ. ಮಕ್ಕಳಿಗೆ ಪುಸ್ತಕಭಂಡಾರದ ಬಾಗಿಲನ್ನು ತೆರೆಯಿಸಿ, ಅವರೇ ಸಹಿ ಹಾಕಿ ಪುಸ್ತಕವನ್ನು ಮನೆಗೆ ಒಯ್ಯುವಂತೆ ಮಾಡಿದ ಪುಣ್ಯ ಆಕೆಯದು. ಅಂಥಾಕೆಯೇ 1945ರಲ್ಲಿ, ಈ. ಬಿ. ವೈಟರ “ಸ್ಟೂವರ್ಟ್ ಲಿಟ್ಲ್” ಎಂಬ ಇಲಿಮರಿಯಂಥ ಹುಡುಗನ ಕಥೆಯನ್ನು ಅಚ್ಚಿನ ಕರಡಿನಲ್ಲಿ ಓದಿ, ಇದನ್ನು ಪ್ರಕಟಿಸಲೇ ಬೇಡಿರೆಂದು ಉದ್ದವಾದ ಕಾಗದವನ್ನು ಬರೆದಳು. ಪುಸ್ತಕವು ಪ್ರಕಟವಾಯಿತು, ಮಕ್ಕಳು ಅದನ್ನು ಅಪ್ಪಿಕೊಂಡರು. ಆದರೆ ಮಕ್ಕಳಿಗೂ ಅದರ ಮೇಲೊಂದು ದೂರಿತ್ತು: ಹಕ್ಕಿಯನ್ನು ಹುಡುಕಿಕೊಂಡು ಹೊರಟ ಸ್ಟೂವರ್ಟನಿಗೆ ಅದು ಸಿಕ್ಕಿತೋ ಇಲ್ಲವೋ ಎಂಬುದನ್ನು ಹೇಳದೆ ಕಥೆ ಮುಗಿಯುತ್ತದೆ. ಇದನ್ನು ಕೇಳಿ ವೈಟರಿಗೆ ವರ್ಷಗಟ್ಟಲೆ ಕಾಗದಗಳು ಬಂದುವು. ದೊಡ್ಡಾಕೆಗೆ ಕಂಡ ದೋಷ ಮಕ್ಕಳಿಗೆ ಕಾಣಲಿಲ್ಲ, ಮಕ್ಕಳಿಗೆ ಕಂಡುದೇ ಬೇರೆ.

ಮಕ್ಕಳಿಂದಲೇ ಮತ ತೆಗೆದುಕೊಂಡು ಪುಸ್ತಕಗಳಿಗೆ ಪಾರಿತೋಷಕ ಕೊಡುವ ಏರ್ಪಾಡೂ ಹಲವು ದೇಶಗಳಲ್ಲಿದೆ. ಅಮೇರಿಕಾದ ವಾಯವ್ಯ ಪ್ರಾಂತಗಳಲ್ಲಿ ಸಿಯಾಟಲ್ ಪಟ್ಟಣದ ಒಬ್ಬ ಪುಸ್ತಕ ವ್ಯಾಪಾರಿಯ ಪ್ರೇರಣೆಯಿಂದ 1940ರಲ್ಲಿಯೇ ಇಂಥದೊಂದು ಆರಂಭವಾಯಿತು. ಹಾಲೆಂಡಿನಲ್ಲಿ 1988ರಿಂದ ಮಕ್ಕಳ ತೀರ್ಪುಗಾರ ಮಂಡಲಿಯುಂಟು. ಇವುಗಳ ವಿಷಯವಾಗಿ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ. ಮತದಿಂದ ಯಾವ ಪುಸ್ತಕ ಗೆದ್ದಿತೆಂದು ತಿಳಿಯುವುದೇ ಹೊರತು ಒಂದು ಮಗುವಿಗೆ ಅದನ್ನೋದುವಾಗ ಏನನಿಸಿತೆಂಬುದು ತಿಳಿಯದು.

ಅದನ್ನು ತಿಳಿಯುವ ಬಗೆಯನ್ನು ಕುರಿತು ಯೋಚಿಸಿದವರಲ್ಲಿ ಇಂಗ್ಲೆಂಡಿನ ಏಡನ್ ಚೇಂಬರ್ಸ್ ಎಂಬವರ ಹೆಸರನ್ನು ಹೇಳಬೇಕು. ಅವರು ಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ಬಳಿಕ ಮಕ್ಕಳಿಗಾಗಿ ಕಥೆಗಳನ್ನು ಬರೆದವರು. “ಟೆಲ್ ಮಿ”, ಅಂದರೆ “ನನಗೆ ಹೇಳು”, ಎಂಬ ಅವರ ಪುಸ್ತಕವು 1993ರಲ್ಲಿ ಪ್ರಕಟವಾಯಿತು. ಪುಸ್ತಕವನ್ನೋದಿದ ಮಕ್ಕಳನ್ನು ಕೂಡಿಸಿಕೊಂಡು ಅವರು ಕೇಳಿಸುವ ಮೂಲಪ್ರಶ್ನೆಗಳು ನಾಲ್ಕೇ. ಇದರಲ್ಲಿ ನಿನಗೆ ಹಿಡಿಸಿದುದೇನು? ಹಿಡಿಸದೆ ಹೋದುದೇನು? ಅರ್ಥವಾಗದೆ ತೊಡಕಾದುದೇನು? ಮತ್ತೆ ಮತ್ತೆ ಬರುವ, ಒಂದಕ್ಕೊಂದು ಜೋಡಿಯಾಗುವ ಸಂಗತಿಗಳೇನಾದರೂ ಕಂಡವೇ? ಇವುಗಳಲ್ಲಿ ನೀತಿ ಯಾವುದೆಂಬ ಪ್ರಶ್ನೆಯಿಲ್ಲ. ಮೇಲಾಗಿ “ಏಕೆ?” ಎಂಬ ಪ್ರಶ್ನೆಯನ್ನು ಅವರು ಬೇಕೆಂದೇ ದೂರವಿಡುತ್ತಾರೆ. “ನನಗೆ ಹಿಡಿಸಲಿಲ್ಲ” ಎಂದ ಮಗುವನ್ನು “ಏಕೆ?” ಎಂದು ಕೇಳಿದರೆ ಅದಕ್ಕೆ ಪರೀಕ್ಷೆಯ ಕೊಠಡಿಯ ನೆನಪಾಗುತ್ತದೆ, ತಪ್ಪು ಮಾಡಿ ಸಿಕ್ಕಿಬಿದ್ದಂತೆ ನಿಲ್ಲುತ್ತದೆ. “ಹೌದೇ? ಅದನ್ನು ಸ್ವಲ್ಪ ಹೇಳು ನೋಡೋಣ” ಎಂದರೆ ಕುಳಿತುಕೊಳ್ಳುತ್ತದೆ. ನಾನು ಈ ಭೇದವನ್ನು ಮೊದಲು ನಂಬಲಿಲ್ಲ. ಆಮೇಲೆ ನನ್ನ ತಂಗಿಯ ಮೊಮ್ಮಕ್ಕಳ ಮೇಲೆ ಪ್ರಯೋಗಿಸಿ ನೋಡಿ ನಂಬಿದೆನು.

ಆ ಪ್ರಯೋಗಕ್ಕೆ ನಾನು ಆರಿಸಿಕೊಂಡುದು ನಮ್ಮ ಕುವೆಂಪು ಅವರ “ಬೊಮ್ಮನಹಳ್ಳಿಯ ಕಿಂದರಿಜೋಗಿ”. ಬ್ರೌನಿಂಗ್ ಕವಿಯ ಇಂಗ್ಲಿಷ್ ಕಥನಕವನದಿಂದ ಅದು ಕನ್ನಡಕ್ಕೆ ಬಂದಿತೆಂಬುದು ನಿಮಗೆಲ್ಲಾ ತಿಳಿದಿದೆ. ಇಲಿಗಳ ಕಾಟವನ್ನು ತಪ್ಪಿಸಿದ ಜೋಗಿಗೆ ಊರ ಹಿರಿಯರು ಮಾತು ಕೊಟ್ಟ ಹಣವನ್ನು ಕೊಡದೆ ಹೋದುದರಿಂದ ಅವನು ಊರ ಮಕ್ಕಳನ್ನೇ ಕರೆದೊಯ್ಯುತ್ತಾನೆ. ನಾನು ಓದಿಸಿದ ಮಕ್ಕಳು ಮೂವರು. ಹಿಡಿಸಿದುದೇನೆಂದರೆ ಮೂವರೂ ಒಟ್ಟಿಗೆ ಇಲಿಗಳ ಹೆಸರನ್ನೆತ್ತಿದರು, ಅದು ನಿರೀಕ್ಷಿಸಿದುದೇ. ಜೋಡಿಯಾಗುವ ಸಂಗತಿ ಕಂಡಿತೇ ಎಂದುದಕ್ಕೆ ಹನ್ನೊಂದು ವರ್ಷದ ಹುಡುಗನು, ಮೊದಲು ಇಲಿಗಳು ಹಿಂದೆ ಹೋದಂತೆಯೇ ಆಮೇಲೆ ಮಕ್ಕಳು ಹೋದರೆಂದನು. ಒಂಬತ್ತು ವರ್ಷದವಳು ಸುಮ್ಮನಿದ್ದಳು. ತೊಡಕಾದುದೇನೆಂದು ಕೇಳಿದಾಗ ಅವಳು ಬಾಯಿ ಬಿಟ್ಟಳು: “ದುಡ್ಡು ಕೊಡದೆ ಇದ್ದವರು ದೊಡ್ಡವರು. ಕರೆದುಕೊಂಡು ಹೋದದ್ದು ಮಕ್ಕಳನ್ನು. ಇದು ಯಾವ ನ್ಯಾಯ, ದೊಡ್ಡಜ್ಜಿ?” ಅಣ್ಣನು, ಮಕ್ಕಳನ್ನು ಕಳಕೊಂಡ ದೊಡ್ಡವರಿಗೇ ಅಲ್ಲವೇ ಶಿಕ್ಷೆಯೆಂದು ವಾದಿಸಿದನು. ಹಾಗಿದ್ದರೆ ಮಕ್ಕಳನ್ನು ಯಾರೂ ಕೇಳಲೇ ಇಲ್ಲವಲ್ಲಾ ಎಂದು ಅವಳ ಪ್ರತ್ಯುತ್ತರ. ಊಟಕ್ಕೆ ಕರೆದರೂ ಇಬ್ಬರೂ ಏಳಲಿಲ್ಲ. ನಾನು ಇಷ್ಟು ವರ್ಷ ಆ ಪದ್ಯವನ್ನು ತರಗತಿಯಲ್ಲಿ ಪಾಠ ಹೇಳಿ, “ಕೊಟ್ಟ ಮಾತಿಗೆ ತಪ್ಪಬಾರದು” ಎಂದು ಕರಿಹಲಗೆಯ ಮೇಲೆ ಬರೆಸಿ ಮುಗಿಸಿದವಳು.

ಅವರ ಮಾತನ್ನು ಕೇಳುತ್ತಿರುವಾಗ ಇನ್ನೊಂದು ವಿಷಯವೂ ಸ್ಪಷ್ಟವಾಯಿತು. ಆ ಹುಡುಗಿಗೆ ತನ್ನ ಅಭಿಪ್ರಾಯವೇನೆಂಬುದು ಮೊದಲೇ ಗೊತ್ತಿರಲಿಲ್ಲ. ಅಣ್ಣನೊಡನೆ ಮಾತನಾಡುತ್ತಾ ಆಡುತ್ತಾ ಅದು ಅವಳಿಗೆ ಸಿಕ್ಕಿತು. ನಾನು ಶುಕ್ರವಾರದ ನೋಟುಪುಸ್ತಕದಲ್ಲಿ ಒಬ್ಬೊಬ್ಬಳನ್ನೇ ನಿಲ್ಲಿಸಿ, ಹಿಂದೆ ಸಾಲು ಕಾಯುತ್ತಿರಲು, ಎರಡು ಸಾಲು ಬರೆಯಿಸುತ್ತಿದ್ದುದರ ಮೂಲದೋಷವೂ ಇದೇ ಇರಬೇಕು. ಮಕ್ಕಳ ಅಭಿಪ್ರಾಯವು ಮಾವಿನಕಾಯಿಯಂತೆ ಕೊಯ್ದು ಬುಟ್ಟಿಗೆ ಹಾಕುವ ವಸ್ತುವಲ್ಲ. ಒಂದೇ ಪುಸ್ತಕವನ್ನು ಇಬ್ಬರು ಮೂವರು ಓದಿರಬೇಕು, ಹರಟುವುದಕ್ಕೆ ಸಮಯವಿರಬೇಕು, ಕೇಳುವವರು ಮುಖ ಗಂಟಿಕ್ಕಿಕೊಳ್ಳಬಾರದು.

ಇನ್ನೂ ಮಾತು ಬಾರದಷ್ಟು ಎಳೆಯರಿಗೆ, ಅಥವಾ ನಾಚಿಕೆಯ ಸ್ವಭಾವದವರಿಗೆ, ಬೇರೊಂದು ದಾರಿಯಿದೆ. ಬ್ರೌನಿಂಗನು ಆ ಕಿನ್ನರಿಯವನ ಕಥೆಯನ್ನು ಬರೆದುದು ಲೋಕಕ್ಕಾಗಿಯಲ್ಲ. ಮ್ಯಾಕ್ರೀಡಿ ಎಂಬ ಪ್ರಸಿದ್ಧ ನಟನ ಮಗನಾದ ವಿಲ್ಲಿಯು ಕೆಮ್ಮಿನಿಂದ ಹಾಸಿಗೆ ಹಿಡಿದಿದ್ದನು. ಚಿತ್ರ ಬರೆಯುವುದರಲ್ಲಿ ಚತುರನಾದ ಆ ಬಾಲಕನಿಗೆ ಹೊತ್ತು ಹೋಗಲೆಂದು, ಚಿತ್ರಕ್ಕೆ ವಸ್ತುವಾಗುವಂತೆ ಕವಿಯು ಇದನ್ನು ರಚಿಸಿದನು. ವಿಲ್ಲಿಯು ಓದಿ ಚಿತ್ರಗಳನ್ನು ಬರೆದನು. 1842ರಲ್ಲಿ ಪ್ರಕಟವಾದ ಕವಿತೆಯೂ ಉಳಿದಿದೆ, ಆ ಬಾಲಕನ ಚಿತ್ರಗಳೂ ಉಳಿದಿವೆ. ಯಾವ ಸಂಗತಿಯನ್ನು ಮಗುವು ಚಿತ್ರಕ್ಕೆ ಆರಿಸಿಕೊಳ್ಳುತ್ತದೋ, ಯಾರನ್ನು ದೊಡ್ಡದಾಗಿ ಬರೆಯುತ್ತದೋ, ಯಾರನ್ನು ಬಿಟ್ಟುಬಿಡುತ್ತದೋ, ಅದೂ ಅಭಿಪ್ರಾಯವೇ.

ತಾಯಂದಿರು ತಮಗೆ ಬಿಡುವಿಲ್ಲವೆನ್ನುವಿರಿ. ಬಿಡುವಿಲ್ಲವೆಂಬುದು ನಿಜ. ಆದರೆ ಹುರುಳಿಕಾಯಿ ಸೋಸುವಾಗ, ಮಗಳ ತಲೆ ಬಾಚಿ ಜಡೆ ಹಾಕುವಾಗ, ಕೈಗಳಿಗೆ ಕೆಲಸವೇ ಹೊರತು ಕಿವಿಗಳಿಗಲ್ಲ. ಆ ಹೊತ್ತಿಗೆ, “ಆ ಪುಸ್ತಕದಲ್ಲಿ ಆಮೇಲೆ ಏನಾಯಿತೇ?” ಎಂದು ಕೇಳುವುದಕ್ಕೆ ಖರ್ಚಿಲ್ಲ. ಅವಳು ಪುಸ್ತಕವನ್ನು ಅರ್ಧಕ್ಕೆ ಬಿಟ್ಟಿದ್ದರೆ ಎಲ್ಲಿ ಬಿಟ್ಟಳೆಂದು ತಿಳಿದುಕೊಳ್ಳಿರಿ. ಬಿಟ್ಟ ಪುಟವು ಬಹಳ ಸಂಗತಿಗಳನ್ನು ಹೇಳುತ್ತದೆ. ನೀವು ಬಾಲ್ಯದಲ್ಲಿ ಮೆಚ್ಚಿದ ಪುಸ್ತಕವನ್ನು ಅವಳು ಮೆಚ್ಚದಿದ್ದರೆ ನೊಂದುಕೊಳ್ಳಬೇಡಿರಿ. ತಂದೆಯವರಿಗೂ ಒಂದು ಮಾತು: ಮಗಳು ಓದಿದ ಪುಸ್ತಕವನ್ನು ನೀವೂ ಓದದೆ ಅದರ ಮೇಲೆ ಅವಳೊಡನೆ ವಾದಕ್ಕೆ ನಿಲ್ಲಬೇಡಿರಿ, ಸೋಲುವಿರಿ. ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮನೆಗೆ ಬಂದವರ ಮುಂದೆ, ಉಡುವ ಬಟ್ಟೆಯಲ್ಲಿ, ಮುಂದೆ ಮದುವೆಯ ಮಾತಿನಲ್ಲಿ, “ನಿನಗೆ ಏನನಿಸುತ್ತದೆ?” ಎಂದು ಅವರನ್ನು ಕೇಳುವ ಸಂದರ್ಭಗಳು ನಮ್ಮಲ್ಲಿ ಕಡಿಮೆ, ಕೇಳಿದರೂ ಉತ್ತರವನ್ನು ನಾವೇ ಮುಂಚಿತವಾಗಿ ಬಾಯಿಗಿಟ್ಟಿರುತ್ತೇವೆ. ಕಥೆಪುಸ್ತಕದ ಮೇಲೆ ತಪ್ಪು ಅಭಿಪ್ರಾಯವನ್ನು ಹೇಳಿದರೆ ಯಾರಿಗೂ ನಷ್ಟವಿಲ್ಲ. ಅಭ್ಯಾಸಕ್ಕೆ ಅದಕ್ಕಿಂತ ನಿರಪಾಯವಾದ ಸ್ಥಳ ನನಗೆ ತೋರದು.

ನಲವತ್ತನೆಯ ಪುಟದಲ್ಲಿ ನಿಲ್ಲಿಸಿದ ಆ ಹುಡುಗಿಯನ್ನು ನಾನು ಮತ್ತೆ ನೋಡಿದುದು ಹಳೆಯ ವಿದ್ಯಾರ್ಥಿನಿಯರ ಒಂದು ಕೂಟದಲ್ಲಿ. ಅವಳ ಸಂಗಡ ಅವಳ ಮಗಳಿದ್ದಳು. ಕೆಂಪು ಮಸಿಯ ಸಂಗತಿಯನ್ನು ನಾನೇ ಎತ್ತಿದೆನು. ಅವಳು ಮರೆತಿರಬಹುದೆಂದು ಆಶಿಸಿದ್ದೆ. ಅವಳು ಮರೆತಿರಲಿಲ್ಲ. ನಕ್ಕು, ಚಹದ ಬಟ್ಟಲನ್ನು ಕೆಳಗಿಟ್ಟು, “ಅಂದಿನಿಂದ ಕೇಳಬೇಕೆಂದಿದ್ದೆ, ಟೀಚರ್. ಆ ಹುಡುಗಿಗೆ ಕಡೆಯಲ್ಲಾದರೂ ಕೋಪ ಬಂತೇ?” ಎಂದು ಕೇಳಿದಳು. ಆ ಪುಸ್ತಕವನ್ನು ನಾನೂ ಪೂರಾ ಓದಿರಲಿಲ್ಲವೆಂದು ಅವಳಿಗೆ ಹೇಳಿದೆನು.